ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ (ಭಾರತ)

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ: ಸರ್ಕಾರಿ ನೌಕರರು ವ್ಯಕ್ತಿಯ ಮಾನವ ಹಕ್ಕುಗಳನ್ನು ಉಲ್ಲಂಘಿಸಿದಾಗ, ಅಥವಾ ಅಂಥ ಉಲ್ಲಂಘನೆಯನ್ನು ತಡೆಯದೆ ಅಲಕ್ಷ್ಯ ತೋರಿದಾಗ, ವಿಚಾರಣೆ ನಡೆಸಿ ಸರ್ಕಾರಕ್ಕೆ ಶಿಫಾರಸು ಮಾಡಲು ಸಂಸತ್ತಿನ ಕಾಯಿದೆಯ ಮೂಲಕ ರಚಿತವಾದ ಸ್ವಾಯತ್ತ ಸಂಸ್ಥೆ. ಸ್ಥಾಪನೆ 1993ರ ಅಕ್ಟೋಬರ್ 12. ಕೇಂದ್ರ ಕಚೇರಿ ದೆಹಲಿಯಲ್ಲಿದೆ. ಆಯೋಗಕ್ಕೆ ಆಧಾರವಾಗಿರುವುದು 1993ರ ಮಾನವ ಹಕ್ಕುಗಳ ರಕ್ಷಣಾ ಕಾಯಿದೆ. ಸಂವಿಧಾನದಲ್ಲಿ ಇದರ ಹೆಸರಿಲ್ಲ. ಆದ್ದರಿಂದ ಇದು ಚುನಾವಣಾ ಆಯೋಗದಂತೆ ಸಂವಿಧಾನಾತ್ಮಕ ಸಂಸ್ಥೆಯಲ್ಲ, ಶಾಸನಬದ್ಧ ಸಂಸ್ಥೆ. ಇದು ನ್ಯಾಯಾಲಯವೂ ಅಲ್ಲ. ಶಿಕ್ಷೆ ವಿಧಿಸುವ ಅಧಿಕಾರ ಇದಕ್ಕಿಲ್ಲ.

ಕಾಯಿದೆಯ ಪ್ರಕಾರ ಮಾನವ ಹಕ್ಕುಗಳೆಂದರೆ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆಗೆ ಸಂಬಂಧಿಸಿದ ಹಕ್ಕುಗಳು. ಅವು ಸಂವಿಧಾನ ಖಾತ್ರಿಪಡಿಸಿದವಾಗಿರಬೇಕು, ಇಲ್ಲವೆ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಅಡಕವಾಗಿದ್ದು ಭಾರತದ ನ್ಯಾಯಾಲಯಗಳ ಮೂಲಕ ಜಾರಿ ಮಾಡಬಹುದಾದವಾಗಿರಬೇಕು. ನೆರೆಯವರ ಜಗಳ, ಆಸ್ತಿ ವ್ಯಾಜ್ಯ, ಸಾಲದ ತಕರಾರು ಇದರ ವ್ಯಾಪ್ತಿಗೆ ಬರುವುದಿಲ್ಲ. ಪ್ರಭುತ್ವದ ಕೈಯಿಂದ, ಅಥವಾ ಪ್ರಭುತ್ವ ಕೈಕಟ್ಟಿ ಕೂತಿದ್ದರಿಂದ, ಪ್ರಜೆಗೆ ಆದ ಹಾನಿಯೇ ಆಯೋಗದ ವಿಷಯ.

ಹುಟ್ಟು

ಮಾನವ ಹಕ್ಕುಗಳ ಪಾಲನೆಯನ್ನು ದೇಶದೊಳಗೇ ನೋಡಿಕೊಳ್ಳುವ ಸಂಸ್ಥೆಗಳು ಇರಬೇಕೆಂಬ ಮಾತು ವಿಶ್ವಸಂಸ್ಥೆಯಲ್ಲಿ 1946ರಷ್ಟು ಹಿಂದೆಯೇ ಬಂದಿತ್ತು. ಅದಕ್ಕೊಂದು ಅಳತೆಗೋಲು ಸಿಕ್ಕಿದ್ದು 1991ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಕಾರ್ಯಾಗಾರದಲ್ಲಿ. ಅಲ್ಲಿ ರೂಪುಗೊಂಡ ನಿಯಮಗಳಿಗೆ ಪ್ಯಾರಿಸ್ ತತ್ವಗಳು ಎಂಬ ಹೆಸರು ನಿಂತಿತು. 1993ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಇವನ್ನು ಅಂಗೀಕರಿಸಿತು. ಸಂಸ್ಥೆಗೆ ಕಾನೂನಿನ ಬುನಾದಿ ಇರಬೇಕು, ವ್ಯಾಪ್ತಿ ವಿಶಾಲವಾಗಿರಬೇಕು, ಸದಸ್ಯತ್ವದಲ್ಲಿ ಸಮಾಜದ ಬಹುತ್ವ ಕಾಣಬೇಕು, ಸರ್ಕಾರದ ಹಂಗಿಲ್ಲದೆ ನಡೆಯುವಷ್ಟು ಹಣ ಮತ್ತು ಸ್ವಂತ ಸಿಬ್ಬಂದಿ ಇರಬೇಕು ಎಂಬುದು ಅವುಗಳ ಸಾರ.

ಭಾರತದಲ್ಲಿ ಆಯೋಗ ಬಂದ ಹೊತ್ತು ಶಾಂತವಾಗಿರಲಿಲ್ಲ. ಪಂಜಾಬ್, ಕಾಶ್ಮೀರ ಮತ್ತು ಈಶಾನ್ಯ ರಾಜ್ಯಗಳಲ್ಲಿ ಭದ್ರತಾ ಪಡೆಗಳ ಮೇಲೆ ಕಾನೂನುಬಾಹಿರ ಹತ್ಯೆ ಮತ್ತು ಚಿತ್ರಹಿಂಸೆಯ ಆರೋಪಗಳಿದ್ದವು. ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯಿದೆಯಡಿ ಸಾವಿರಾರು ಜನ ಜೈಲಿನಲ್ಲಿದ್ದರು. ಹೊರದೇಶಗಳಿಂದಲೂ ಒತ್ತಡವಿತ್ತು. 1993ರ ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳು ಸುಗ್ರೀವಾಜ್ಞೆ ಹೊರಡಿಸಿದರು. ಎರಡು ವಾರದಲ್ಲಿ ಆಯೋಗ ರಚನೆಯಾಯಿತು. ಸುಗ್ರೀವಾಜ್ಞೆಯ ಜಾಗಕ್ಕೆ ಬಂದ ಕಾಯಿದೆಗೆ 1994ರ ಜನವರಿ 8ರಂದು ಅಂಕಿತ ಬಿತ್ತು.

ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರ ಮೊದಲ ಅಧ್ಯಕ್ಷರು. ಸರ್ಕಾರದ ಮುಖವಾಡವಷ್ಟೇ ಎಂಬ ಅನುಮಾನದ ನಡುವೆ ಶುರುವಾದ ಆಯೋಗ, 1995ರ ಫೆಬ್ರವರಿಯಲ್ಲಿ ಸಂಸತ್ತಿನ ಎಲ್ಲ ಸದಸ್ಯರಿಗೂ ಪತ್ರ ಬರೆದು ಟಾಡಾವನ್ನು ಮುಂದುವರಿಸಬಾರದೆಂದು ಕೋರಿತು. ಅದೇ ವರ್ಷ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. ಆಯೋಗಕ್ಕೆ ಸ್ವಂತ ದನಿ ಇದೆಯೆಂದು ಮೊದಲು ಗೊತ್ತಾದದ್ದು ಈ ಪತ್ರದಿಂದ.

ಬಗೆಗಳು

ಜಗತ್ತಿನ ರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಗಳೆಲ್ಲ ಒಂದೇ ಅಚ್ಚಿನವಲ್ಲ. ಭಾರತ, ದಕ್ಷಿಣ ಆಫ್ರಿಕ, ನೇಪಾಳ, ಶ್ರೀಲಂಕಾ, ಫಿಲಿಪೀನ್ಸ್‌ಗಳಲ್ಲಿ ಹಲವು ಸದಸ್ಯರ ಆಯೋಗಗಳಿವೆ. ಲ್ಯಾಟಿನ್ ಅಮೆರಿಕದ ಬಹುತೇಕ ದೇಶಗಳಲ್ಲಿ ಒಬ್ಬನೇ ಜನರಕ್ಷಕ ಅಧಿಕಾರಿ ದೂರುಗಳನ್ನು ನೋಡುತ್ತಾನೆ. ಡೆನ್ಮಾರ್ಕ್ ಮತ್ತು ಜರ್ಮನಿಯ ಸಂಸ್ಥೆಗಳ ಮುಖ್ಯ ಕೆಲಸ ಸಂಶೋಧನೆ ಮತ್ತು ಸಲಹೆ. ಫ್ರಾನ್ಸಿನದು ಸಮಾಲೋಚನಾ ಸಮಿತಿಯ ಮಾದರಿ. ದಕ್ಷಿಣ ಆಫ್ರಿಕದ ಆಯೋಗಕ್ಕೆ ಅಲ್ಲಿನ 1996ರ ಸಂವಿಧಾನದಲ್ಲೇ ಸ್ಥಾನವಿದೆ. ಭಾರತದ ಆಯೋಗವನ್ನು ಉಳಿದವುಗಳಿಂದ ಬೇರೆ ಮಾಡುವುದು ಅದರ ನ್ಯಾಯಾಂಗದ ಬಣ್ಣ: ನಿವೃತ್ತ ನ್ಯಾಯಮೂರ್ತಿಗಳ ಮುಂದಾಳತ್ವ, ದೂರು, ನೋಟಿಸ್, ವಿಚಾರಣೆ, ಆದೇಶ ಎಂಬ ಕೋರ್ಟಿನಂಥ ನಡೆ.

ರಚನೆ

ಆಯೋಗದಲ್ಲಿ ಒಬ್ಬ ಅಧ್ಯಕ್ಷರು ಮತ್ತು ಐವರು ಪೂರ್ಣಾವಧಿ ಸದಸ್ಯರು ಇರುತ್ತಾರೆ. 2019ರ ತಿದ್ದುಪಡಿಯವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಮಾತ್ರ ಅಧ್ಯಕ್ಷರಾಗಬಹುದಿತ್ತು. ಈಗ ಸುಪ್ರೀಂ ಕೋರ್ಟಿನ ಯಾವುದೇ ಮಾಜಿ ನ್ಯಾಯಮೂರ್ತಿ ಅರ್ಹರು. ಸದಸ್ಯರಲ್ಲಿ ಒಬ್ಬರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿರುವವರು ಅಥವಾ ಆಗಿದ್ದವರು, ಇನ್ನೊಬ್ಬರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿರುವವರು ಅಥವಾ ಆಗಿದ್ದವರು. ಉಳಿದ ಮೂವರು ಮಾನವ ಹಕ್ಕುಗಳ ವಿಷಯದಲ್ಲಿ ತಿಳಿವಳಿಕೆ ಅಥವಾ ಅನುಭವ ಉಳ್ಳವರು. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಅಲ್ಪಸಂಖ್ಯಾತರ, ಪರಿಶಿಷ್ಟ ಜಾತಿಗಳ, ಪರಿಶಿಷ್ಟ ಪಂಗಡಗಳ, ಮಹಿಳೆಯರ, ಹಿಂದುಳಿದ ವರ್ಗಗಳ ಮತ್ತು ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗಗಳ ಅಧ್ಯಕ್ಷರೂ ಅಂಗವಿಕಲರ ಮುಖ್ಯ ಆಯುಕ್ತರೂ ಪದನಿಮಿತ್ತ ಸದಸ್ಯರು.

ನೇಮಕ ಮಾಡುವವರು ರಾಷ್ಟ್ರಪತಿ. ಹೆಸರು ಸೂಚಿಸುವ ಸಮಿತಿಯಲ್ಲಿ ಪ್ರಧಾನಿ, ಲೋಕಸಭೆಯ ಸ್ಪೀಕರ್, ಗೃಹಸಚಿವರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಮತ್ತು ರಾಜ್ಯಸಭೆಯ ಉಪಸಭಾಪತಿ ಇರುತ್ತಾರೆ. ಮೊದಲು 5 ವರ್ಷ ಇದ್ದ ಅಧಿಕಾರಾವಧಿ 2019ರಿಂದ 3 ವರ್ಷ. 70 ವರ್ಷ ತುಂಬಿದರೆ ಅದಕ್ಕೂ ಮುಂಚೆ ಮುಗಿಯುತ್ತದೆ. ಮರುನೇಮಕಕ್ಕೆ ಅವಕಾಶವಿದೆ, ಆದರೆ ಅಧಿಕಾರ ಬಿಟ್ಟ ಮೇಲೆ ಕೇಂದ್ರ ಅಥವಾ ರಾಜ್ಯ ಸರ್ಕಾರದ ಬೇರೆ ಹುದ್ದೆ ಹಿಡಿಯುವಂತಿಲ್ಲ. ದುರ್ನಡತೆ ಅಥವಾ ಅಸಾಮರ್ಥ್ಯದ ಆರೋಪ ಸುಪ್ರೀಂ ಕೋರ್ಟಿನ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ರಾಷ್ಟ್ರಪತಿಗಳು ವಜಾ ಮಾಡಬಹುದು. ದಿವಾಳಿತನ, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಂಥ ಕೆಲವು ಕಾರಣಗಳಿಗೆ ಆ ವಿಚಾರಣೆ ಬೇಕಿಲ್ಲ.

ಆಡಳಿತದ ಹೊಣೆ ಮಹಾಕಾರ್ಯದರ್ಶಿಯದು. ತನಿಖಾ ವಿಭಾಗಕ್ಕೆ ಮಹಾನಿರ್ದೇಶಕ ದರ್ಜೆಯ ಪೊಲೀಸ್ ಅಧಿಕಾರಿ ಮುಖ್ಯಸ್ಥರು. ಈ ಇಬ್ಬರನ್ನೂ ತನಿಖೆಗೆ ಬೇಕಾದ ಪೊಲೀಸ್ ಸಿಬ್ಬಂದಿಯನ್ನೂ ಒದಗಿಸುವುದು ಕೇಂದ್ರ ಸರ್ಕಾರ. ಹೆಚ್ಚಿನವರು ಮಾತೃ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದು, ಅವಧಿ ಮುಗಿದಾಗ ಅಲ್ಲಿಗೇ ಮರಳುತ್ತಾರೆ. ಹೀಗಾಗಿ ಪೊಲೀಸರ ಮೇಲಿನ ದೂರನ್ನು ಆಯೋಗದ ಪರವಾಗಿ ತನಿಖೆ ಮಾಡುವವರೂ ಪೊಲೀಸರೇ. ಆಯೋಗದ ಸ್ವಾಯತ್ತತೆಯ ಬಗ್ಗೆ ಏಳುವ ಪ್ರಶ್ನೆಗಳಲ್ಲಿ ಅತಿ ಗಂಭೀರವಾದದ್ದು ಇದೇ.

ಅಧ್ಯಕ್ಷಸ್ಥಾನದೊಂದಿಗೆ ಕರ್ನಾಟಕದ ನಂಟು ದೊಡ್ಡದು. ಎರಡನೆಯ ಅಧ್ಯಕ್ಷರಾದ ಎಂ. ಎನ್. ವೆಂಕಟಾಚಲಯ್ಯ (1996–99), ಎಸ್. ರಾಜೇಂದ್ರ ಬಾಬು (2007–09), ಎಚ್. ಎಲ್. ದತ್ತು (2016–20) ಮೂವರೂ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು. ಶಿವರಾಜ ವಿ. ಪಾಟೀಲರು 2006–07ರಲ್ಲಿ ಕೆಲವು ತಿಂಗಳು ಹಂಗಾಮಿ ಅಧ್ಯಕ್ಷರಾಗಿದ್ದರು.

ಕಾರ್ಯಗಳು ಮತ್ತು ಅಧಿಕಾರ

ಆಯೋಗ ದೂರಿನ ಮೇಲೆ ವಿಚಾರಣೆ ನಡೆಸಬಹುದು, ಪತ್ರಿಕಾ ವರದಿ ನೋಡಿ ಸ್ವಯಂಪ್ರೇರಿತವಾಗಿಯೂ ಪ್ರಕರಣ ಎತ್ತಿಕೊಳ್ಳಬಹುದು. ನ್ಯಾಯಾಲಯದ ಅನುಮತಿ ಪಡೆದು ಅಲ್ಲಿನ ಮೊಕದ್ದಮೆಯಲ್ಲಿ ಮಧ್ಯಪ್ರವೇಶಿಸಬಹುದು. ಜೈಲು, ಆಸ್ಪತ್ರೆ, ಬಾಲಮಂದಿರಗಳಂಥ ಸಂಸ್ಥೆಗಳಿಗೆ ಭೇಟಿ ಕೊಟ್ಟು ಅಲ್ಲಿರುವವರ ಸ್ಥಿತಿ ಪರಿಶೀಲಿಸಬಹುದು. 2006ರ ತಿದ್ದುಪಡಿಗೆ ಮೊದಲು ಇಂಥ ಭೇಟಿಯ ಮುನ್ಸೂಚನೆಯನ್ನು ರಾಜ್ಯ ಸರ್ಕಾರಕ್ಕೆ ಕೊಡಬೇಕಿತ್ತು. ಈಗ ಕೊಡಬೇಕಿಲ್ಲ. ಕಾನೂನು ಮತ್ತು ಒಪ್ಪಂದಗಳ ಪರಿಶೀಲನೆ, ಸಂಶೋಧನೆ, ಜನಜಾಗೃತಿಯೂ ಇದರ ಕೆಲಸಗಳೇ.

ವಿಚಾರಣೆಯ ಮಟ್ಟಿಗೆ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸಾಕ್ಷಿಗಳಿಗೆ ಸಮನ್ಸ್ ಕಳಿಸುವುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು, ಕಡತ ತರಿಸುವುದು ಸಾಧ್ಯ. ಆದರೆ ವಿಚಾರಣೆ ಮುಗಿದ ಮೇಲೆ ಮಾಡಬಹುದಾದದ್ದು ಶಿಫಾರಸು. ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಿ, ನೊಂದವರಿಗೆ ಅಥವಾ ಸತ್ತವರ ಕುಟುಂಬಕ್ಕೆ ಹಣದ ಪರಿಹಾರ ಕೊಡಿ ಎಂದು ಸರ್ಕಾರಕ್ಕೆ ಹೇಳಬಹುದು. ಸರ್ಕಾರ ಒಂದು ತಿಂಗಳೊಳಗೆ ಉತ್ತರಿಸಬೇಕು. ಒಪ್ಪದಿದ್ದರೆ ಆಯೋಗ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿಗೆ ಹೋಗಬಹುದು. ವಾರ್ಷಿಕ ವರದಿಯನ್ನು ಸಂಸತ್ತಿನ ಮುಂದಿಡುವಾಗ, ಒಪ್ಪದ ಶಿಫಾರಸುಗಳಿಗೆ ಸರ್ಕಾರ ಕಾರಣ ಕೊಡಬೇಕು.

ದೂರು

ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೊಂದವರೇ ಕೊಡಬಹುದು, ಅವರ ಪರವಾಗಿ ಬೇರೆಯವರೂ ಕೊಡಬಹುದು. ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಬರೆಯಬಹುದು. ಅಂಚೆಯಲ್ಲೂ ಆನ್‌ಲೈನ್ ಮೂಲಕವೂ ಕಳಿಸಬಹುದು. ಹೆಸರಿಲ್ಲದ ಅರ್ಜಿ, ಅಸ್ಪಷ್ಟ ಅಥವಾ ಕ್ಷುಲ್ಲಕ ದೂರು, ನೌಕರಿಯ ಬಡ್ತಿ-ವರ್ಗಾವಣೆಯ ವಿಷಯ, ಸಿವಿಲ್ ವ್ಯಾಜ್ಯ, ನ್ಯಾಯಾಲಯದ ಮುಂದಿರುವ ವಿಷಯ, ಇನ್ನೊಂದು ಆಯೋಗ ಆಗಲೇ ಕೈಗೆತ್ತಿಕೊಂಡ ಪ್ರಕರಣ ಇವುಗಳನ್ನು ಪರಿಗಣಿಸುವುದಿಲ್ಲ. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಠಾಣೆಯ ಭಯಕ್ಕೆ ಬಾಯಿ ಬಿಡಲು ವರ್ಷಗಳೇ ಹಿಡಿಯುವ ಹಳ್ಳಿಗಾಡಿನ ಕುಟುಂಬಗಳಿಗೆ ಈ ಕಾಲಮಿತಿ ದೊಡ್ಡ ಅಡ್ಡಿ.

ಸ್ವೀಕರಿಸಿದ ದೂರಿನ ಬಗ್ಗೆ ಸಾಮಾನ್ಯವಾಗಿ ಸಂಬಂಧಪಟ್ಟ ಅಧಿಕಾರಿಯಿಂದ, ಹೆಚ್ಚಾಗಿ ಜಿಲ್ಲಾಧಿಕಾರಿ ಅಥವಾ ಎಸ್‌ಪಿಯಿಂದ, ವರದಿ ಕೇಳಲಾಗುತ್ತದೆ. ವರದಿ ತೃಪ್ತಿಕರವಲ್ಲದಿದ್ದರೆ ಆಯೋಗ ತನ್ನ ತನಿಖಾ ತಂಡ ಕಳಿಸಬಹುದು. ಉಲ್ಲಂಘನೆ ಮೇಲ್ನೋಟಕ್ಕೆ ಕಂಡುಬಂದರೆ, ಪರಿಹಾರ ಏಕೆ ಶಿಫಾರಸು ಮಾಡಬಾರದು ಎಂದು ಸರ್ಕಾರಕ್ಕೆ ಕಾರಣ ಕೇಳುವ ನೋಟಿಸ್ ಹೋಗುತ್ತದೆ. ಹಣ ಸಂದಾಯವಾದ ರಸೀದಿ ಬರುವವರೆಗೆ ಕಡತ ಮುಚ್ಚುವುದಿಲ್ಲ.

ಕಸ್ಟಡಿ ಸಾವು ಮತ್ತು ಎನ್‌ಕೌಂಟರ್

ಆಯೋಗ ಆಡಳಿತದ ದಿನನಿತ್ಯದ ನಡವಳಿಕೆಯನ್ನೇ ಬದಲಿಸಿದ ಕ್ಷೇತ್ರವೊಂದಿದ್ದರೆ ಅದು ಕಸ್ಟಡಿ ಸಾವು. ಸ್ಥಾಪನೆಯಾದ ಎರಡೇ ತಿಂಗಳಿಗೆ, 1993ರ ಡಿಸೆಂಬರ್ 14ರಂದು, ಆಯೋಗ ರಾಜ್ಯಗಳಿಗೆ ಪತ್ರ ಬರೆಯಿತು. ಪೊಲೀಸ್ ವಶದಲ್ಲಿ ಸಾವು ಅಥವಾ ಅತ್ಯಾಚಾರ ನಡೆದರೆ ಜಿಲ್ಲಾಧಿಕಾರಿ ಮತ್ತು ಎಸ್‌ಪಿ 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸಬೇಕು, ತಿಳಿಸದಿದ್ದರೆ ಘಟನೆ ಮುಚ್ಚಿಹಾಕುವ ಯತ್ನವೆಂದು ಭಾವಿಸಲಾಗುವುದು ಎಂಬುದು ಅದರ ತಿರುಳು. ಜೈಲಿನ ಸಾವುಗಳಿಗೂ ಇದೇ ಕ್ರಮ ಬಂತು.

ಮುಂದಿನ ಸಮಸ್ಯೆ ಶವಾಗಾರದಲ್ಲಿತ್ತು. ಮರಣೋತ್ತರ ವರದಿಗಳು ಪೊಲೀಸರ ಒತ್ತಡಕ್ಕೆ ತಕ್ಕಂತೆ ತಯಾರಾಗುತ್ತಿವೆ ಎಂಬ ಅನುಮಾನದಿಂದ, 1995ರ ಆಗಸ್ಟಿನಲ್ಲಿ ಆಯೋಗ ಕಸ್ಟಡಿ ಸಾವಿನ ಶವಪರೀಕ್ಷೆಯನ್ನು ವಿಡಿಯೊ ಚಿತ್ರೀಕರಿಸಿ ಕ್ಯಾಸೆಟ್ ಕಳಿಸಬೇಕೆಂದು ಮುಖ್ಯಮಂತ್ರಿಗಳಿಗೆ ಬರೆಯಿತು. ಶವ ಮಹಜರು, ಶವಪರೀಕ್ಷಾ ವರದಿ, ಚಿತ್ರೀಕರಣ, ಮ್ಯಾಜಿಸ್ಟ್ರೇಟ್ ವಿಚಾರಣೆಯ ವರದಿ ಇವು ನಾಲ್ಕೂ ಒಂದೇ ಕಡತದಲ್ಲಿ ಸೇರಿದಾಗ ಸುಳ್ಳು ನಿಲ್ಲುವುದು ಕಷ್ಟ. ವೈದ್ಯರ ವರದಿಯಲ್ಲಿ ಗಾಯ ನಮೂದಾಗದೆ ಚಿತ್ರೀಕರಣದಲ್ಲಿ ಅಂಗಾಲಿನ ಬಾಸುಂಡೆ ಕಂಡರೆ, ಎರಡರಲ್ಲಿ ಒಂದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು. 2005ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿಯಾಗಿ, ಕಸ್ಟಡಿ ಸಾವಿನ ವಿಚಾರಣೆಯನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರೇ ನಡೆಸಬೇಕೆಂಬ ನಿಯಮ ಬಂತು.

ಎನ್‌ಕೌಂಟರ್‌ಗಳ ವಿಷಯದಲ್ಲಿ ಮುಖ್ಯ ದಾಖಲೆ 1997ರ ಮಾರ್ಚ್ 29ರಂದು ವೆಂಕಟಾಚಲಯ್ಯನವರು ಮುಖ್ಯಮಂತ್ರಿಗಳಿಗೆ ಬರೆದ ಪತ್ರ. ಆಂಧ್ರಪ್ರದೇಶದ ಎನ್‌ಕೌಂಟರ್ ದೂರುಗಳ ವಿಚಾರಣೆಯಿಂದ ಹುಟ್ಟಿದ್ದು ಅದು. ಪೊಲೀಸರಿಗೆ ಕೊಲ್ಲುವ ವಿಶೇಷ ಹಕ್ಕು ಯಾವ ಕಾನೂನಿನಲ್ಲೂ ಇಲ್ಲ, ಆತ್ಮರಕ್ಷಣೆಯ ಹಕ್ಕು ಅವರಿಗೂ ಉಳಿದ ಪ್ರಜೆಗಳಿಗೂ ಒಂದೇ ಎಂಬ ತತ್ವದ ಮೇಲೆ ಅದು ನಿಂತಿದೆ. ಎನ್‌ಕೌಂಟರ್ ಮಾಡಿದ ಠಾಣೆಯವರೇ ಅದರ ತನಿಖೆ ಮಾಡಬಾರದು ಎಂಬುದು ಅದರ ಮುಖ್ಯ ಸೂಚನೆ. 2003 ಮತ್ತು 2010ರಲ್ಲಿ ಈ ಮಾರ್ಗಸೂಚಿ ಪರಿಷ್ಕೃತವಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ತನ್ನದೇ 16 ಅಂಶಗಳ ಮಾರ್ಗಸೂಚಿ ಹೊರಡಿಸಿತು. ತನಿಖೆಯ ನಿಷ್ಪಕ್ಷಪಾತದ ಬಗ್ಗೆ ಗಂಭೀರ ಸಂಶಯವಿದ್ದಾಗ ಮಾತ್ರ ಆಯೋಗದ ಪ್ರವೇಶ ಅಗತ್ಯ ಎಂದು ಅದು ಹೇಳಿತು. ಘಟನೆಯ ಮಾಹಿತಿಯನ್ನು ಮಾತ್ರ ತಡಮಾಡದೆ ಆಯೋಗಕ್ಕೆ ಕೊಡಬೇಕು.

ಪ್ರಮುಖ ಪ್ರಕರಣಗಳು

ಚಕ್ಮಾ ನಿರಾಶ್ರಿತರು: 1964ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಓಡಿಸುವ ಬೆದರಿಕೆಗಳು ಬಂದಾಗ ಆಯೋಗವೇ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿತು. ಪ್ರಜೆಗಳಲ್ಲದವರ ಜೀವ ಮತ್ತು ಸ್ವಾತಂತ್ರ್ಯಕ್ಕೂ ಸಂವಿಧಾನದ 21ನೆಯ ಅನುಚ್ಛೇದದ ರಕ್ಷಣೆ ಇದೆ, ಅವರನ್ನು ಕಾಯುವುದು ರಾಜ್ಯದ ಹೊಣೆ ಎಂದು 1996ರಲ್ಲಿ ತೀರ್ಪಾಯಿತು.

ಪಂಜಾಬಿನ ಶವಸಂಸ್ಕಾರ ಪ್ರಕರಣ: ಅಮೃತಸರ ಜಿಲ್ಲೆಯ ಸ್ಮಶಾನಗಳಲ್ಲಿ ಪೊಲೀಸರು ವಾರಸುದಾರರಿಗೆ ತಿಳಿಸದೆ ಸುಟ್ಟುಹಾಕಿದ 2,097 ಶವಗಳ ಲೆಕ್ಕ ಸಿಬಿಐ ತನಿಖೆಯಲ್ಲಿ ಸಿಕ್ಕಿತು. ಪೂರ್ತಿ ಗುರುತು ಹತ್ತಿದ್ದು 585, ಭಾಗಶಃ 274, ಗುರುತೇ ಸಿಗದವು 1,238. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಆಯೋಗಕ್ಕೆ ಒಪ್ಪಿಸಿತು. 2012ರಲ್ಲಿ ಆಯೋಗ 1,513 ಮೃತರ ಕುಟುಂಬಗಳಿಗೆ ಒಟ್ಟು ₹27.94 ಕೋಟಿ ಪರಿಹಾರ ಶಿಫಾರಸು ಮಾಡಿತು. ವಿಚಾರಣೆ ಒಂದೇ ಜಿಲ್ಲೆಗೆ ಸೀಮಿತವಾಯಿತು. ಶವಸಂಸ್ಕಾರದ ನಿಯಮ ಪಾಲನೆಯಾಯಿತೇ ಎಂಬ ಪ್ರಶ್ನೆಯ ಮೇಲೆಯೇ ಅದು ನಿಂತಿತು. ಆ ಜನರನ್ನು ಕೊಂದವರು ಯಾರೆಂಬ ಪ್ರಶ್ನೆ ಬದಿಗೆ ಉಳಿಯಿತು.

ಗುಜರಾತ್, 2002: ಗಲಭೆ ಶುರುವಾದ ಕೆಲವೇ ದಿನಗಳಲ್ಲಿ ಆಯೋಗ ಸ್ವಯಂಪ್ರೇರಿತವಾಗಿ ವಿಚಾರಣೆ ಆರಂಭಿಸಿತು. ಅಧ್ಯಕ್ಷ ಜೆ. ಎಸ್. ವರ್ಮಾ ಮಾರ್ಚಿನಲ್ಲಿ ಖುದ್ದಾಗಿ ಅಲ್ಲಿಗೆ ಹೋದರು. ಆ ಗಲಭೆಯ ಹತ್ಯೆಗಳಿಗೆ ಸಂಬಂಧಿಸಿದ ಬೆಸ್ಟ್ ಬೇಕರಿ ಪ್ರಕರಣದ ಆರೋಪಿಗಳೆಲ್ಲ 2003ರಲ್ಲಿ ಖುಲಾಸೆಯಾದಾಗ ಆಯೋಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಮರುವಿಚಾರಣೆ ಮಹಾರಾಷ್ಟ್ರದಲ್ಲಿ ನಡೆಯಬೇಕೆಂದು 2004ರಲ್ಲಿ ಆದೇಶವಾಯಿತು.

ವೀರಪ್ಪನ್ ಕಾರ್ಯಾಚರಣೆ: ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಅತಿ ದೊಡ್ಡ ಪ್ರಕರಣ ಇದು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ನಿಯೋಜಿಸಿದ್ದ ಜಂಟಿ ವಿಶೇಷ ಕಾರ್ಯಪಡೆ ಗಡಿಭಾಗದ ಹಳ್ಳಿಗಳಲ್ಲಿ ಜನರನ್ನು ಹಿಡಿದೊಯ್ದು ಹಿಂಸಿಸಿತೆಂದು ದೂರುಗಳು ಬಂದವು. ಅಕ್ರಮ ಬಂಧನ, ವಿದ್ಯುತ್ ಶಾಕ್, ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ, ಸುಳ್ಳು ಎನ್‌ಕೌಂಟರ್ ಆ ದೂರುಗಳಲ್ಲಿದ್ದವು. ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದ ಹೆಸರು ಬಲಿಪಶುಗಳ ಹೇಳಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. 1999ರಲ್ಲಿ ಆಯೋಗ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಅದುವರೆಗೆ ಠಾಣೆಯ ಹೆಸರು ಕೇಳಿದರೇ ನಡುಗುತ್ತಿದ್ದ ಗ್ರಾಮಸ್ಥರು ಮತ್ತು ಸೋಲಿಗ ಬುಡಕಟ್ಟಿನವರು ಸಮಿತಿಯ ಮುಂದೆ ಬಂದು ಹೇಳಿಕೆ ಕೊಟ್ಟರು. ವರದಿಯ ಆಧಾರದ ಮೇಲೆ 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು ₹2.80 ಕೋಟಿ ಮಧ್ಯಂತರ ಪರಿಹಾರ ಶಿಫಾರಸು ಮಾಡಿತು.

ಮಾನಸಿಕ ಆಸ್ಪತ್ರೆಗಳು: 1997ರಲ್ಲಿ ಸುಪ್ರೀಂ ಕೋರ್ಟು ರಾಂಚಿ, ಆಗ್ರಾ ಮತ್ತು ಗ್ವಾಲಿಯರ್‌ನ ಮಾನಸಿಕ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ಆಯೋಗಕ್ಕೆ ವಹಿಸಿತು. ದೇಶದ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಆಯೋಗಕ್ಕಾಗಿ ಅಧ್ಯಯನ ಮಾಡಿದ ವರದಿ 1999ರಲ್ಲಿ ಬಂತು. ಹಲವು ಆಸ್ಪತ್ರೆಗಳು ಎತ್ತರದ ಗೋಡೆ, ಬೀಗ ಹಾಕಿದ ಕೋಣೆಗಳ ಬಂದೀಖಾನೆಗಳಂತೆಯೇ ನಡೆಯುತ್ತಿದ್ದುದನ್ನು ಅದು ದಾಖಲಿಸಿತು. 2008ರಲ್ಲಿ ಮರುಪರಿಶೀಲನೆಯ ವರದಿಯೂ ಪ್ರಕಟವಾಯಿತು. ಜೀತ ಪದ್ಧತಿ ನಿರ್ಮೂಲನೆಯ ಮೇಲ್ವಿಚಾರಣೆ ಸಹ 1997ರಲ್ಲೇ ಆಯೋಗದ ಪಾಲಿಗೆ ಬಂತು.

ಎಂಡೋಸಲ್ಫಾನ್: ಕನ್ನಡ ಮತ್ತು ತುಳು ಮಾತಾಡುವವರು ಹೆಚ್ಚಿರುವ ಎಣ್ಮಕಜೆಯೂ ಸೇರಿದಂತೆ ಕಾಸರಗೋಡು ಜಿಲ್ಲೆಯ ಹಲವು ಊರುಗಳಲ್ಲಿ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕದಿಂದ ಆದ ಹಾನಿಯನ್ನು ಆಯೋಗ ಪರಿಶೀಲಿಸಿತು. 2010ರ ಡಿಸೆಂಬರ್ 31ರಂದು ಮೃತರ ಕುಟುಂಬಗಳಿಗೂ ಹಾಸಿಗೆ ಹಿಡಿದವರಿಗೂ ಕನಿಷ್ಠ ₹5 ಲಕ್ಷ, ಇತರ ಅಂಗವಿಕಲರಿಗೆ ₹3 ಲಕ್ಷ ಕೊಡಲು ಶಿಫಾರಸು ಮಾಡಿತು. ಹಣ ಎಲ್ಲರ ಕೈ ಸೇರಲಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು 3 ತಿಂಗಳೊಳಗೆ ಪಾವತಿಸಲು ಕೇರಳ ಸರ್ಕಾರಕ್ಕೆ ಆದೇಶಿಸಬೇಕಾಯಿತು.

ಮಿತಿಗಳು

ಸೇನೆಯ ಮೇಲಿನ ದೂರುಗಳಲ್ಲಿ ಆಯೋಗದ ಕೈ ಕಟ್ಟಿದೆ. ಕಾಯಿದೆಯ 19ನೆಯ ಪ್ರಕರಣದ ಪ್ರಕಾರ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಳ್ಳಬಹುದು, ಅದನ್ನು ನೋಡಿ ವಿಚಾರಣೆ ಕೈಬಿಡಬಹುದು ಅಥವಾ ಶಿಫಾರಸು ಮಾಡಬಹುದು. ಸ್ವತಂತ್ರ ತನಿಖೆ ಇಲ್ಲ. ‘ಸಶಸ್ತ್ರ ಪಡೆ’ ಎಂಬುದಕ್ಕೆ ಕಾಯಿದೆ ಕೊಟ್ಟ ಅರ್ಥದಲ್ಲಿ ಭೂ, ನೌಕಾ, ವಾಯು ಸೇನೆಗಳಲ್ಲದೆ ಕೇಂದ್ರದ ಇತರ ಸಶಸ್ತ್ರ ಪಡೆಗಳೂ ಸೇರುತ್ತವೆ. ಹೀಗಾಗಿ ಗಡಿಭದ್ರತಾ ಪಡೆಯಂಥವೂ ಈ ರಕ್ಷಣೆಯೊಳಗೆ ಬರುತ್ತವೆ. ಆರೋಪಗಳು ಅತಿ ಹೆಚ್ಚು ಬರುವ ಪ್ರದೇಶಗಳಲ್ಲೇ ಆಯೋಗದ ಅಧಿಕಾರ ಅತಿ ಕಡಿಮೆ.

ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮಣಿಪುರದ ಕಾನೂನುಬಾಹಿರ ಹತ್ಯೆಗಳ ಮೊಕದ್ದಮೆಯಲ್ಲಿ ಆಯೋಗವೇ ತಾನು ಹಲ್ಲಿಲ್ಲದ ಹುಲಿಯಾಗಿರುವುದಾಗಿ ಸುಪ್ರೀಂ ಕೋರ್ಟಿಗೆ ಅರಿಕೆ ಮಾಡಿಕೊಂಡಿತು. 2017ರ ಆದೇಶದಲ್ಲಿ ಕೋರ್ಟು ಇದನ್ನು ಗಂಭೀರವಾಗಿ ಪರಿಗಣಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ, 18ನೆಯ ಪ್ರಕರಣದಡಿ ಆಯೋಗ ಮಾಡುವ ಶಿಫಾರಸು ಸರ್ಕಾರದ ಮೇಲೆ ಬಂಧಕ ಎಂದು ತೀರ್ಪಿತ್ತಿತು. ಕಾಯಿದೆಯ ಮಾತಿನಲ್ಲಿ ಮಾತ್ರ ಅದು ಇನ್ನೂ ಶಿಫಾರಸೇ. ಪ್ರಾಯೋಗಿಕವಾಗಿ ಹಣದ ಪರಿಹಾರ ಬಹುಮಟ್ಟಿಗೆ ಪಾವತಿಯಾಗುತ್ತದೆ, ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯುವುದು ವಿರಳ. ಪರಿಹಾರ ಹೋಗುವುದು ಬೊಕ್ಕಸದಿಂದ, ಹೊಡೆದವರ ಜೇಬಿನಿಂದಲ್ಲ.

ರಾಜ್ಯ ಆಯೋಗಗಳು

ರಾಜ್ಯಗಳು ತಮ್ಮದೇ ಮಾನವ ಹಕ್ಕುಗಳ ಆಯೋಗ ರಚಿಸಲು ಕಾಯಿದೆಯಲ್ಲಿ ಅವಕಾಶವಿದೆ. ಇವು ರಾಷ್ಟ್ರೀಯ ಆಯೋಗದ ಅಧೀನ ಕಚೇರಿಗಳಲ್ಲ. ರಾಜ್ಯಪಟ್ಟಿ ಮತ್ತು ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತವೆ. ರಾಷ್ಟ್ರೀಯ ಆಯೋಗ ತನಗೆ ಬಂದ ದೂರನ್ನು ರಾಜ್ಯ ಆಯೋಗಕ್ಕೆ ವರ್ಗಾಯಿಸಬಹುದು. ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ ಕೆಲಸ ಆರಂಭಿಸಿದ್ದು 2007ರಲ್ಲಿ. ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಎಸ್. ಆರ್. ನಾಯಕ್. ಕಚೇರಿ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿದೆ. ರಾಜ್ಯದ ಪೊಲೀಸ್ ಠಾಣೆ, ಜೈಲು, ಹಾಸ್ಟೆಲ್, ಸರ್ಕಾರಿ ಆಸ್ಪತ್ರೆಗಳಿಗೆ ಸಂಬಂಧಿಸಿದ ದೂರುಗಳಿಗೆ ಇದೇ ಹತ್ತಿರದ ಬಾಗಿಲು. ಒಂದು ಆಯೋಗ ಕೈಗೆತ್ತಿಕೊಂಡ ದೂರನ್ನು ಇನ್ನೊಂದು ವಿಚಾರಿಸುವುದಿಲ್ಲವಾದ್ದರಿಂದ ಎರಡೂ ಕಡೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಇಂದಿನ ಸ್ಥಿತಿ

2021ರಲ್ಲಿ ಅಧ್ಯಕ್ಷರಾದ ಅರುಣ್ ಕುಮಾರ್ ಮಿಶ್ರ, ಮುಖ್ಯ ನ್ಯಾಯಮೂರ್ತಿಯಾಗಿರದೆ ಪೂರ್ಣಪ್ರಮಾಣದ ಅಧ್ಯಕ್ಷಸ್ಥಾನಕ್ಕೆ ಬಂದ ಮೊದಲಿಗರು. 2024ರ ಜೂನ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ಸುಮಾರು 7 ತಿಂಗಳು ಪೂರ್ಣಪ್ರಮಾಣದ ಅಧ್ಯಕ್ಷರಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ವಿ. ರಾಮಸುಬ್ರಮಣಿಯನ್ ಅಧಿಕಾರ ವಹಿಸಿಕೊಂಡರು.

ರಾಷ್ಟ್ರೀಯ ಸಂಸ್ಥೆಗಳು ಪ್ಯಾರಿಸ್ ತತ್ವಗಳಿಗೆ ಎಷ್ಟು ಬದ್ಧವಾಗಿವೆ ಎಂದು ಅಳೆಯುವುದು ಅವುಗಳ ಜಾಗತಿಕ ಒಕ್ಕೂಟದ ಮಾನ್ಯತಾ ಉಪಸಮಿತಿ. ಪೂರ್ತಿ ಬದ್ಧವಾದವಕ್ಕೆ ‘ಎ’, ಭಾಗಶಃ ಬದ್ಧವಾದವಕ್ಕೆ ‘ಬಿ’ ಶ್ರೇಣಿ. ‘ಎ’ ಶ್ರೇಣಿಯ ಸಂಸ್ಥೆಗಳಿಗೆ ಮಾತ್ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಸ್ವತಂತ್ರವಾಗಿ ಮಾತಾಡುವ ಅವಕಾಶ. ಭಾರತದ ಆಯೋಗಕ್ಕೆ 1999ರಲ್ಲಿ ‘ಎ’ ಶ್ರೇಣಿ ಸಿಕ್ಕಿತು. 2016ರಲ್ಲಿ ನಿರ್ಧಾರ ಮುಂದೂಡಲ್ಪಟ್ಟು ಮರುವರ್ಷ ಶ್ರೇಣಿ ಉಳಿಯಿತು. 2023 ಮತ್ತು 2024ರಲ್ಲಿ ಮತ್ತೆ ಮುಂದೂಡಿಕೆಯಾಯಿತು. 2025ರ ಮಾರ್ಚಿನಲ್ಲಿ ಉಪಸಮಿತಿ ‘ಬಿ’ ಶ್ರೇಣಿಗೆ ಇಳಿಸಲು ಶಿಫಾರಸು ಮಾಡಿತು. ತನಿಖೆಯಲ್ಲಿ ಪೊಲೀಸ್ ಅಧಿಕಾರಿಗಳ ಬಳಕೆ, ಸರ್ಕಾರದಿಂದ ನಿಯೋಜಿತರಾದ ಮಹಾಕಾರ್ಯದರ್ಶಿ, ಸದಸ್ಯತ್ವದಲ್ಲಿ ಬಹುತ್ವದ ಕೊರತೆ ಅದು ಎತ್ತಿದ ಆಕ್ಷೇಪಗಳಲ್ಲಿ ಸೇರಿವೆ. ಮೊದಲ ಎರಡಕ್ಕೂ ಬೇರು ಕಾಯಿದೆಯಲ್ಲೇ ಇದೆ. ಅವನ್ನು ಬದಲಿಸಲು ಸಂಸತ್ತು ಕಾಯಿದೆಯ 11ನೆಯ ಪ್ರಕರಣವನ್ನು ತಿದ್ದಬೇಕಾಗುತ್ತದೆ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರಿನಲ್ಲಿ ಸಹಿ ಹಾಕಿದೆ. ಅದನ್ನು ಸ್ಥಿರೀಕರಿಸಬೇಕೆಂಬುದು ಆಯೋಗ ಬಹುಕಾಲದಿಂದ ಕೇಳುತ್ತ ಬಂದಿರುವ ಬೇಡಿಕೆ. ಆ ಸ್ಥಿರೀಕರಣ ಇನ್ನೂ ಆಗಿಲ್ಲ.